ನಳ ಬಂದ ರಾತ್ರಿಯೇ ದೋಣಿ

ನಿನ್ನೆ ರಾತ್ರಿ ಒಂದೂವರೆಗೆ ನಮ್ಮ ಓಣಿಗೆ ನಳ ಬಂತು. ಐದು ದಿನ ಕಾಯಿಸಿ ಬಂದ ನಳ. ಅದರ ಬೆನ್ನಿಗೇ ಫೋನೂ ಬಂತು. ನಾನು ಪೈಪು ಹಿಡಿದು ಸಂಪಿನ ಬಾಯಿಗೆ ಬಗ್ಗಿದ್ದೆ. ಕಿವಿಗೂ ಹೆಗಲಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು "ಹಲೋ" ಅಂದೆ.

"ಮಾಮಾ, ಕೀಲ್ ಒಂದು ತಗೊಳ್ಳಲೋ, ಎರಡು ತಗೊಳ್ಳಲೋ?"

ಕೊಡ ತುಂಬುತ್ತಿದ್ದ ನನ್ನ ಹೆಂಡತಿಗೆ ಅರ್ಧ ಮಾತು ಕೇಳಿಸಿತು. "ಎರಡು ಕಿಲೋ ತಗೋ ಅನ್ರಿ. ಒಂದ್ ಕಿಲೋ ಯಾರಿಗಿ ಸಾಲ್ತದ?" ಅಂದಳು.

ಇದು ಒಂದು ರಾತ್ರಿಯ ಕಥೆಯಲ್ಲ, ಇಪ್ಪತ್ತು ದಿನದಿಂದ ನಡೆದಿದೆ. ಇವಳ ತಮ್ಮ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದಾನೆ, ಕಂಪ್ಯೂಟರ್ ಕೆಲಸ. ಹೋದ ವರ್ಷ ಅಲ್ಲಿ ಹಾಯಿದೋಣಿ ನಡೆಸುವುದು ಕಲಿತ. ಈ ವರ್ಷ ಸ್ವಂತದ್ದೇ ಬೇಕಂತೆ. 23 ಅಡಿ ಉದ್ದದ ಹೊಚ್ಚಹೊಸ ದೋಣಿ. ಶನಿವಾರ ಹತ್ತುವುದು, ರಾತ್ರಿ ಅದರಲ್ಲೇ ಮಲಗುವುದು, ರವಿವಾರ ಇಳಿಯುವುದು. ತಗೊಳ್ಳಲಿ ಪಾ, ಅವನ ರೊಕ್ಕ, ಅವನ ಸಮುದ್ರ. ಆದರೆ ದೋಣಿ ಮಾರುವವರು ಆರು ಪುಟದ ಆಪ್ಶನ್ ಪಟ್ಟಿಯೊಂದನ್ನು ಕೈಗೆ ಕೊಟ್ಟಿದ್ದಾರೆ. ಅವನು ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಒಂಬತ್ತಕ್ಕೆ ಆ ಪಟ್ಟಿ ಬಿಚ್ಚಿ ಕೂತರೆ ಕಲಬುರಗಿಯಲ್ಲಿ ರಾತ್ರಿ ಒಂದೂವರೆ.

ನನ್ನನ್ನೇ ಕೇಳಲು ಕಾರಣವಿದೆ. ನಾನು ನೀರಾವರಿ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಇದ್ದು ನಿವೃತ್ತನಾದವನು. ಅಲ್ಲಿ ನಾನು ನೀರು ಕಂಡದ್ದು ಮೂಲೆಯ ಮಣ್ಣಿನ ಕೊಡದಲ್ಲಿ ಮಾತ್ರ. ಆದರೂ ಇವಳ ತವರಿನವರ ಲೆಕ್ಕದಲ್ಲಿ ನೀರು ಅಂಟಿದ್ದೆಲ್ಲ ಮಾಮಾನ ಖಾತೆ. ಇನ್ನು ದೋಣಿಯ ಅನುಭವ ಅಂದರೆ ಕಲಬುರಗಿಯ ಅಪ್ಪನ ಕೆರೆಯಲ್ಲಿ ಒಮ್ಮೆ ಅರ್ಧ ತಾಸು ಪೆಡಲ್ ತುಳಿದದ್ದು. ಆಮೇಲೆ ಒಂದು ವಾರ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದೆ.

ಕೀಲ್ ಅಂದರೆ ದೋಣಿಯ ಹೊಟ್ಟೆಯ ಕೆಳಗೆ ನೀರಿನೊಳಗೆ ಇಳಿಬಿಟ್ಟ ಭಾರದ ರೆಕ್ಕೆ. ಗಾಳಿಗೆ ದೋಣಿ ಮಗುಚದಂತೆ, ಅಡ್ಡ ಸರಿಯದಂತೆ ಹಿಡಿಯುವುದು ಅದೇ. ನಡುವೆ ಆಳವಾದದ್ದು ಒಂದೇ ಇದ್ದರೆ ಎದುರುಗಾಳಿಗೆ ಚಲೋ ಓಡುತ್ತದೆ. ಎಡಕ್ಕೊಂದು ಬಲಕ್ಕೊಂದು ಗಿಡ್ಡ ಕೀಲ್ ಇದ್ದರೆ ಓಟ ತುಸು ಮಂದ, ಆದರೆ ನೀರು ಇಳಿದಾಗ ದೋಣಿ ಕೆಸರಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಇವನು ದೋಣಿ ಕಟ್ಟುವ ಜಾಗದಲ್ಲಿ ಇಳಿತಕ್ಕೆ ನೀರೇ ಇರುವುದಿಲ್ಲವಂತೆ.

"ಇಲ್ಲಿ ಸಮುದ್ರ ದಿನಕ್ಕ ಎರಡು ಸಲ ಬರ್ತದ, ಎರಡು ಸಲ ಹೋಗ್ತದ ಮಾಮಾ. ಸೌತಾಂಪ್ಟನ್‌ದಾಗಂತೂ ಉಬ್ಬರ ಡಬಲ್. ಒಮ್ಮಿ ಏರಿ, ಜರಾ ಇಳಿದು, ಮತ್ತ ಏರ್ತದ."

"ಬರೋ ಟೈಮ್ ನಿಮಗ ಹ್ಯಾಂಗ ಗೊತ್ತಾಗ್ತದ?"

"ಪುಸ್ತಕ ಅದ. ಇಡೀ ವರ್ಷದ್ದು ಮೊದಲೇ ಛಾಪಿಸಿರ್ತಾರ. ಗಂಟಿ, ನಿಮಿಷ, ಎಷ್ಟು ಮೀಟರ್ ನೀರು, ಎಲ್ಲಾ."

ನಾನು ಕೈಯಲ್ಲಿದ್ದ ಪೈಪು ನೋಡಿದೆ. ಯಾರ ಹಿಡಿತಕ್ಕೂ ಸಿಗದ ಸಮುದ್ರ, ಚಂದ್ರ ಎಳೆದಾಗ ಬರುವಂಥದ್ದು, ಅದಕ್ಕೂ ಟೈಮ್ ಟೇಬಲ್ ಇದೆ. ನಮ್ಮ ನಳಕ್ಕೆ ಒಬ್ಬ ಮನುಷ್ಯ ವಾಲ್ವ್ ತಿರುಗಿಸಿದರೆ ಸಾಕು. ಅದು ಬರುವ ಗಳಿಗೆ ಪಂಚಾಂಗದವರಿಗೂ ಸಿಕ್ಕಿಲ್ಲ.

ಹೋದ ವಾರ ಹೀಟರ್ ಕೇಳಿದ್ದ. ದೋಣಿಯ ಕೋಣೆಗೆ ಡೀಸೆಲ್ ಹೀಟರ್ ಹಾಕಿಸಲೋ ಬ್ಯಾಡೋ ಅಂತ. ಕೇಳಿದ್ದು ಯಾರನ್ನು? ಮೇ ತಿಂಗಳಲ್ಲಿ, ಹಗಲು 43 ಡಿಗ್ರಿ ಕಂಡು, ರಾತ್ರಿ ಮಾಳಿಗೆಗೆ ನೀರು ಹೊಡೆದು, ಒದ್ದೆ ಟವೆಲ್ ಹೊದ್ದು ಮಲಗಿದ್ದ ಮನುಷ್ಯನನ್ನು. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ನನಗೆ ಸಿಟ್ಟು ಬರುವುದು ಅವನ ಒಂದು ಮಾತಿಗೆ: "ಅದು ಸ್ಟ್ಯಾಂಡರ್ಡ್‌ದಾಗ ಬರಂಗಿಲ್ಲ ಮಾಮಾ." ಹಾಯಿ ಸುತ್ತಿಡುವ ರೋಲರ್ ಸ್ಟ್ಯಾಂಡರ್ಡ್‌ನಲ್ಲಿ ಬರುವುದಿಲ್ಲ. ಆಳ ತೋರಿಸುವ ಮೀಟರ್ ಬರುವುದಿಲ್ಲ. ಕೂರುವ ದಿಂಬು, ದಿಕ್ಸೂಚಿ, ಲೈಫ್ ಜಾಕೆಟ್, ಹಿಂದೆ ತೂಗುಹಾಕುವ ಎಂಜಿನ್, ಯಾವುದೂ ಇಲ್ಲ. ಹಾಗಾದರೆ ಕೊಟ್ಟ ರೊಕ್ಕಕ್ಕೆ ಬರುವುದೇನು? ಒಂದು ದೊಡ್ಡ ಬೋಗುಣಿ, ಮೇಲೊಂದು ಕಂಬ. ನಾನೂ ಸ್ಕೂಟರ್ ಕೊಂಡಾಗ ಶೋರೂಮಿನ ಹುಡುಗ ಸೀರಿ ಗಾರ್ಡ್, ಮ್ಯಾಟ್, ಕನ್ನಡಿ ಅಂತ ಒಂದೊಂದೇ ಸೇರಿಸಿ ಆನ್ ರೋಡ್ ಬೆಲೆ ಮುಟ್ಟಿಸಿದ್ದ. ಇದಕ್ಕೆ ಆನ್ ವಾಟರ್ ಬೆಲೆ ಅನ್ನುತ್ತಾರೇನು ಅಂತ ಕೇಳಿದೆ. ಅವನು ನಗಲಿಲ್ಲ. ಇವಳೂ ನಗಲಿಲ್ಲ. ಪೌಂಡನ್ನು ರೂಪಾಯಿಗೆ, ರೂಪಾಯಿಯನ್ನು ಬಂಗಾರದ ತೊಲಿಗೆ ತಿರುಗಿಸುತ್ತಾ ಕೂತಿದ್ದಳು.

ರವಿವಾರ ಮಧ್ಯಾಹ್ನ ವಿಡಿಯೋ ಕಾಲ್. ಪುಂಡಿಪಲ್ಯ ರೊಟ್ಟಿ ತಟ್ಟೆಯಲ್ಲಿ ಹಾಕಿಕೊಂಡು ಎಲ್ಲರೂ ಕೂತಿದ್ದೇವೆ. ಅವನು ದೋಣಿಯ ಒಳಗಿನ ನಕ್ಷೆ ತೋರಿಸಿದ. ಇಲ್ಲಿ ಒಲೆ, ಇಲ್ಲಿ ಸಿಂಕು, ಮುಂದುಗಡೆ ಮೂತಿಯಲ್ಲಿ ಇಬ್ಬರು ಮಲಗುವ ಹಾಸಿಗೆ.

"ಸಂಡಾಸ ಎಲ್ಲದ?" ಇವಳ ಮೊದಲ ಪ್ರಶ್ನೆ. ಲಗ್ನದ ಛತ್ರವಿರಲಿ, ಯಾತ್ರೆಯ ಬಸ್ಸಿರಲಿ, ಇವಳದು ಯಾವಾಗಲೂ ಇದೇ ಮೊದಲ ಪ್ರಶ್ನೆ.

ಅವನ ಬೆರಳು ನಕ್ಷೆಯ ಮೇಲೆ ಹಾಸಿಗೆ ಬಿಟ್ಟು ಕದಲಲಿಲ್ಲ. "ಇಲ್ಲೇ ಅದ ಅಕ್ಕಾ."

"ಅದು ಹಾಸಿಗಿ."

"ಅದರ ಬುಡಕ ಅದ. ನಡುವಿನ ದಿಂಬು ಎತ್ತಬೇಕು."

ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಇವಳು ತಟ್ಟೆ ದೂರ ಸರಿಸಿದಳು. "ರಾತ್ರಿ ಗಂಡ ಮಲಗಿದ್ದಾಗ ಹೆಂಡ್ತಿಗಿ ಹೋಗಬೇಕಾದ್ರ?"

"ಗಂಡ ಏಳಬೇಕು."

"ಎದ್ದು?"

"ಹೊರಗ ಕುಂಡ್ರಬೇಕು. ಕೋಣಿಯಾಗ ನೆಟ್ಟಗ ನಿಂದರ್ಲಿಕ್ಕಿ ಆಗಂಗಿಲ್ಲ, ತಲಿ ಬಡಿತದ."

"ಹೊರಗ ಮಳಿ ಇದ್ರ?"

"ಮಳಿ ಇದ್ದೇ ಇರ್ತದ ಅಕ್ಕಾ, ಇದು ಇಂಗ್ಲೆಂಡ್." ಆಮೇಲೆ ತುಸು ಉತ್ಸಾಹದಿಂದ, "ಮ್ಯಾಲ ಕೂರಲಿಕ್ಕಿ ಮಳಿ ತಡಿಯೋ ಟಪ್ಪು ಸಿಗ್ತದ. ಖರೆ, ಅದು ಸ್ಟ್ಯಾಂಡರ್ಡ್‌ದಾಗ..."

"ಬರಂಗಿಲ್ಲ" ಅಂದೆವು ಎಲ್ಲರೂ ಕೂಡಿ.

ಈ ಸಂಡಾಸಿನಲ್ಲೂ ಎರಡು ಜಾತಿ. ಒಂದು ಡಬ್ಬಿಯಂಥದ್ದು, ಔಷಧಿ ಹಾಕಿ ಇಟ್ಟುಕೊಂಡು, ತುಂಬಿದ ಮೇಲೆ ಕೈಯಲ್ಲಿ ಹಿಡಿದು ದಡಕ್ಕೆ ಹೊತ್ತು ಸುರಿದು ಬರುವುದು. ಹೊರುವವರಾರು ಅಂತ ನಾನು ಕೇಳಲಿಲ್ಲ. ಅವನ ಹೆಂಡತಿಯ ಮುಖ ಸ್ಕ್ರೀನಿನ ಅಂಚಿನಲ್ಲಿ ಕಾಣುತ್ತಿತ್ತು, ಅವಳು ಆಗಲೇ ಲೆಕ್ಕ ಹಾಕಿದ್ದಳು. ಇನ್ನೊಂದು ಪಂಪಿನದು. ಸಮುದ್ರದ ನೀರು ಎಳೆದುಕೊಂಡು ತೊಳೆಯುತ್ತದೆ. ಅದಕ್ಕೆ ದೋಣಿಯ ತಳದಲ್ಲಿ ತೂತು ಕೊರೆದು ವಾಲ್ವ್ ಕೂರಿಸಬೇಕು.

ಅಲ್ಲಿಯವರೆಗೆ ಸುಮ್ಮನಿದ್ದ ನಮ್ಮ ಮಾವನವರು ಬಾಯಿ ತೆರೆದರು. "ಹೊಸಾ ದೋಣಿಗಿ ತಾವೇ ತೂತು ಹೊಡಿಸ್ತಾರ?"

"ಹೌದಪ್ಪಾ."

"ಅದಕ್ಕ ರೊಕ್ಕಾನೂ ಕೊಡ್ತಾರ?"

"ಹೌದು, ಜಾಸ್ತಿ ಆಗ್ತದ."

ಅವರು ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಂಡು ಊಟ ಮುಂದುವರಿಸಿದರು. ಮಗನನ್ನು ಓದಿಸಲು ನಾಲ್ಕು ಎಕರೆ ತೊಗರಿ ಹೊಲ ಮಾರಿದವರು ಅವರು. ಡಬ್ಬಿಯೇ ಖಾಯಂ ಆಯಿತು.

ಆಮೇಲೆ ಒಲೆ. ಅಲೆಗೆ ದೋಣಿ ವಾಲಿದರೂ ಪಾತ್ರೆ ಚೆಲ್ಲದಂತೆ ತೂಗಾಡುವ ಒಲೆ ಸಿಗುತ್ತದಂತೆ. ಅದರ ಮೇಲೆ ರೊಟ್ಟಿ ಆಗುತ್ತದೇನು ಅಂತ ಇವಳು ಕೇಳಿದಳು. ಒಲೆ ತೂಗುತ್ತದೆ ಸರಿ, ರೊಟ್ಟಿ ಬಡಿಯುವವಳು ಯಾವುದರ ಮೇಲೆ ತೂಗಬೇಕು? ಬ್ರೆಡ್ಡಿಗೆ ಮುಗಿಯಿತು. ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೋದ್ದು ಬೇಗ ಮುಗಿಯಿತು. ಅಪಾಯ ಬಂದರೆ 16ನೇ ಚಾನೆಲ್‌ನಲ್ಲಿ ಮೂರು ಸಲ ಮೇಡೇ ಅನ್ನಬೇಕು, ಅದಕ್ಕೆ ಎರಡು ಮಾತಿಲ್ಲ, ಹಾಕಿಸು ಅಂದೆ.

ನಿನ್ನೆ ರಾತ್ರಿಗೆ ಬರುತ್ತೇನೆ. ಕೀಲ್ ತೀರ್ಮಾನವಾಗುವ ಮೊದಲೇ ಅವನು ಲಂಗರಿಗೆ ಹಾರಿದ. ಅಂಗಳದ ಹೊರಸಿನ ಮೇಲೆ ಮಾವನವರು ಎಚ್ಚರವೇ ಇದ್ದರು. ಫೋಟೋ ನೋಡಿ ಮೊಬೈಲು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಇದು ರಂಟಿ!"

ಖರೆ. ಆ ಲಂಗರಿನ ಹೆಸರೇ ನೇಗಿಲ ಲಂಗರು. 1933ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಜೆಫ್ರಿ ಟೇಲರ್ ಕಂಡುಹಿಡಿದದ್ದು ಅಂತ ಅವನು ಅಲ್ಲಿಂದ ಹೇಳುತ್ತಿದ್ದ. ಮಾವನವರಿಗೆ ಟೇಲರ್ ಬೇಕಾಗಿರಲಿಲ್ಲ. "ಹಗ್ಗ ಎಷ್ಟುದ್ದ ಬಿಡ್ತಿ?" ಅಂದರು.

"ಸರಪಳಿ ಆದ್ರ ನೀರಿನ ಆಳದ ನಾಲ್ಕು ಪಟ್ಟು ಅಪ್ಪಾ. ಹಗ್ಗಾದ್ರ ಇನ್ನೂ ಜಾಸ್ತಿ."

"ಹ್ಞಾಂ. ಗಿಡ್ಡ ಬಿಟ್ರ ಮ್ಯಾಲಕ್ಕ ಜಗ್ತದ, ರಂಟಿ ಕಿತ್ತು ಬರ್ತದ. ಉದ್ದ ಬಿಟ್ರ ನೆಲದ ಸರೀಕ ಜಗ್ತದ, ಒಳಗ ಹೋಗ್ತದ." ಇಪ್ಪತ್ತು ದಿನದಲ್ಲಿ ಮೊದಲ ಸಲ ನಮ್ಮ ಮನೆಯಿಂದ ಆ ಹುಡುಗನಿಗೆ ಕೆಲಸಕ್ಕೆ ಬರುವ ಒಂದು ಮಾತು ಹೋಯಿತು. ಹಗ್ಗ ಸ್ಟ್ಯಾಂಡರ್ಡ್‌ನಲ್ಲಿ ಬರುವುದಿಲ್ಲ ಅಂದದ್ದಕ್ಕೂ ಅವರು ಸಿಟ್ಟಾಗಲಿಲ್ಲ. "ಎತ್ತು ಮಾರಿದ್ರ ನಾವೂ ಹಗ್ಗ ಬಿಚ್ಚಿಕೊಂಡೇ ಬರ್ತಿದ್ವಿ. ಕೊಂಡವ ತನ್ನ ಹಗ್ಗ ತಾ ತರಬೇಕು."

ಆಮೇಲೆ ಸ್ವಲ್ಪ ತಡೆದು ಕೇಳಿದರು. "ಅದರಾಗ ಎಮ್ಮಿ ಹಿಡಿತಾದೇನು?"

ಅವರ ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಗೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಸೊನ್ನದ ಬ್ಯಾರೇಜ್ ದಾಟಿ ಬಂದು ಊರೊಳಗೆ ನುಗ್ಗಿತ್ತು. ಇವರನ್ನು ಕರೆದೊಯ್ಯಲು ರಬ್ಬರ್ ದೋಣಿ ಬಂತು. ಮನುಷ್ಯರಿಗಷ್ಟೇ ಜಾಗ. ಎಮ್ಮೆಯ ಹಗ್ಗ ಬಿಚ್ಚಿ, ಅದರ ಬೆನ್ನು ಚಪ್ಪರಿಸಿ, ಹಗ್ಗ ಕೈಯಲ್ಲೇ ಹಿಡಿದು ದೋಣಿ ಹತ್ತಿದರು. ಅಂದಿನಿಂದ ನಮ್ಮಲ್ಲೇ ಇದ್ದಾರೆ. ಹಗ್ಗ ಸ್ಟೋರ್ ರೂಮಿನ ಮೊಳೆಗೆ ತೂಗುಬಿದ್ದಿದೆ. ಇವಳು ದೀಪಾವಳಿಗೆ ಮನೆಯೆಲ್ಲ ತೊಳೆಯುತ್ತಾಳೆ, ಅದೊಂದನ್ನು ಮುಟ್ಟುವುದಿಲ್ಲ.

ಫೋನಿನ ಆ ಕಡೆ ಮಾತೇ ಇಲ್ಲ. ಆ ವಾರವೆಲ್ಲ ಅವನು ಅಲ್ಲಿ ಕೂತು ಮೊಬೈಲಿನಲ್ಲಿ ಊರಿನ ನೀರು ನೋಡಿದವನು.

"ಇಲ್ಲಪ್ಪಾ" ಅಂದ. "ಹಿಡಿಯಂಗಿಲ್ಲ."

ಆ ಹೊತ್ತಿಗೆ ಸರಿಯಾಗಿ ಎದುರುಮನೆಯಿಂದ ಕೂಗು ಕೇಳಿಸಿತು. "ಏನ್ರೀ ಸರ್, ನಿಮ್ಮ ನೀರು ರೋಡಿಗಿ ಬಂದದ!" ನೋಡಿದರೆ ಸಂಪು ತುಂಬಿ, ಅಂಗಳ ತುಂಬಿ, ನನ್ನ ಒಂದು ಚಪ್ಪಲಿ ಗೇಟಿನ ಕಡೆ ಹೊರಟಿದೆ. ಐದು ದಿನ ಕಾದ ನೀರು! ನಾನು ಪೈಪು ಹಿಡಿದುಕೊಂಡು ಓಡಾಡಿದೆ, ಇವಳು ಬಕೆಟ್ ತಂದಳು, ಮಾವನವರು ಹೊರಸಿನ ಮೇಲಿಂದಲೇ ಕಾಲೆತ್ತಿ ಕೂತರು. ಪುಣ್ಯಕ್ಕೆ ಯಾರೂ ನಮ್ಮ ಅಂಗಳಕ್ಕೂ ಉಬ್ಬರದ ಪುಸ್ತಕ ಛಾಪಿಸಲಿಲ್ಲ.

ಫೋನು ಇನ್ನೂ ಚಾಲೂ ಇತ್ತು. ಇವಳು ಬಕೆಟ್ ಕೆಳಗಿಟ್ಟು ಅದನ್ನೆತ್ತಿಕೊಂಡಳು. "ತಮ್ಮಾ, ಅದೆಲ್ಲಾ ಇರ್ಲಿ. ಪೂಜಿ ಮಾಡ್ಲಾರ್ದ ಹತ್ತಬ್ಯಾಡ. ಗಾಲಿ ಇಲ್ಲ, ಲಿಂಬಿಕಾಯಿ ಎಲ್ಲಿಡ್ತಿ?"

ಹತ್ತು ನಿಮಿಷ ಇದರ ಚರ್ಚೆ ನಡೆಯಿತು. ಒಂದೇ ಕೀಲ್ ಆದರೆ ದೋಣಿ ನೆಲದ ಮೇಲೆ ನಿಲ್ಲುವುದೇ ಇಲ್ಲ. ಎರಡಾದರೆ ಇಳಿತಕ್ಕೆ ಕೆಸರಿನ ಮೇಲೆ ಕೂರುತ್ತದೆ, ಕೆಳಗೆ ಒಂದೊಂದು ಇಡಬಹುದು. ಆದರೆ ಲಿಂಬಿಕಾಯಿ ನೀರಿನಲ್ಲಿ ತೇಲುತ್ತದೆ ಅಂತ ಅವನ ತಕರಾರು. ಕೆಸರಿನೊಳಗೆ ಒತ್ತಿ ಇಡು, ದೋಣಿ ಇಳಿದು ಕೂತರೆ ತಾನೇ ಒಡೆಯುತ್ತದೆ ಅಂತ ಇವಳ ಉತ್ತರ. ಎರಡು ಕೀಲ್ ಪಾಸಾಯಿತು. ಎದುರುಗಾಳಿಯ ಓಟದ ಮಾತು ಯಾರೂ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ವಾಟ್ಸ್‌ಆಪ್‌ನಲ್ಲಿ ಮೂರು ಫೋಟೋ. "ಮಾಮಾ, ದಿಂಬಿನ ಬಣ್ಣ ಯಾವುದು ಚಲೋ ಅದ ಹೇಳ್ರಿ." ಕನ್ನಡಕ ಹಾಕಿಕೊಂಡು ನೋಡಿದೆ, ಒರೆಸಿಕೊಂಡು ನೋಡಿದೆ. ಮೂರೂ ನೀಲಿ. ರಾತ್ರಿ ಮಾತಾಡೋಣ ಅಂತ ಕೆಳಗೆ ಬರೆದಿದ್ದಾನೆ.

ಓಣಿಯವರನ್ನು ಕೇಳಿದೆ. ಮುಂದಿನ ನೀರು ಶನಿವಾರವಂತೆ. ಹಗಲೋ ರಾತ್ರಿಯೋ ಯಾರಿಗೂ ಗೊತ್ತಿಲ್ಲ.