16,000 ಪೌಂಡ್ ದಾಟಿದರೆ ನಾವು ಸಾಹುಕಾರರಂತೆ!

ಇಲ್ಲಿ ಬ್ರಿಟನ್ನಿನಲ್ಲಿ ಕೆಲಸ ಹೋದವರಿಗೆ, ಸಂಬಳ ಸಾಲದವರಿಗೆ ಯೂನಿವರ್ಸಲ್ ಕ್ರೆಡಿಟ್ ಅಂತ ಸರ್ಕಾರದ ನೆರವು ಕೊಡುತ್ತಾರಲ್ಲ, ಅದಕ್ಕೊಂದು ಗೆರೆ ಇದೆ. 16,000 ಪೌಂಡ್. ಉಳಿತಾಯ ಅದನ್ನು ದಾಟಿದರೆ ಒಂದು ಪೆನ್ನಿಯೂ ಸಿಗುವುದಿಲ್ಲ, ಬಾಡಿಗೆಗೆ ಕೊಡುವ ಭಾಗವೂ ಇಲ್ಲ. ಒಬ್ಬರೇ ಇದ್ದರೂ 16,000, ಗಂಡ ಹೆಂಡತಿ ಇಬ್ಬರದ್ದು ಸೇರಿಸಿದರೂ ಅದೇ 16,000. ಯಾವ ಲೆಕ್ಕ ಇದು? ಯೂನಿವರ್ಸಲ್ ಕ್ರೆಡಿಟ್ ಬಂದಿದ್ದು 2013ರಲ್ಲಿ, ಆದರೆ ಗೆರೆ ಅದಕ್ಕಿಂತ ಹಳೆಯದು, ಅದಕ್ಕೂ ಮುಂಚಿನ ನೆರವುಗಳಿಗೆ 2006ರಲ್ಲಿ ಹಾಕಿದ್ದು. ಆಮೇಲೆ ಬಾಡಿಗೆ ಏರಿತು, ಗ್ಯಾಸು ಕರೆಂಟು ಏರಿತು, ಬಸ್ ಚಾರ್ಜು ಏರಿತು. ಗೆರೆ ಮಾತ್ರ ಒಂದಿಂಚೂ ಅಲುಗಿಲ್ಲ.

ನಮ್ಮ ಮನೆಯವರಿಗೆ 61. ಗೋಡೌನಿನ ಕೆಲಸ ಹೋಯಿತು. ಮೊದಲ ಆರು ತಿಂಗಳು ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲೋವೆನ್ಸ್ ಅನ್ನುವ ನಿರುದ್ಯೋಗ ಭತ್ಯೆ ಬಂತು. ಅದು ಅವರು ಸಂಬಳದಲ್ಲಿ ಸರ್ಕಾರಕ್ಕೆ ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ ಮೇಲೆ ಬರುವುದು, ಉಳಿತಾಯ ನೋಡುವುದಿಲ್ಲ. ಅದು ಮುಗಿಯಿತು. ಈ ವಯಸ್ಸಿನವರನ್ನು ಯಾರು ಕರೆದು ಕೆಲಸ ಕೊಡುತ್ತಾರೆ? ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕೋಣ ಅಂತ ಮೊಬೈಲಲ್ಲಿ ಕೂತೆವು. ನಾನು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ ಮಾಡಿ, ಅವರು ರಾತ್ರಿ ಪಾಳಿ ಓಟಿ ಮಾಡಿ ಕೂಡಿಟ್ಟ 19,000 ಪೌಂಡ್ ಬ್ಯಾಂಕಲ್ಲಿತ್ತು, ಇದ್ದದ್ದನ್ನು ಇದ್ದ ಹಾಗೆ ತುಂಬಿದೆವು. ಉತ್ತರ ಗೊತ್ತಲ್ಲ. ಫೋನಿನಲ್ಲಿ ಆ ಹುಡುಗಿ ಬಹಳ ನಯವಾಗಿ ಹೇಳಿದಳು, ಉಳಿತಾಯ 16,000ಕ್ಕೆ ಇಳಿದ ಮೇಲೆ ಮತ್ತೆ ಅರ್ಜಿ ಹಾಕಿ ಅಂತ. ಅವಳ ತಪ್ಪೇನಿಲ್ಲ ಪಾಪ, ಅವಳ ಮುಂದಿನ ಕಂಪ್ಯೂಟರ್ ಹೇಳಿದ್ದನ್ನು ಅವಳು ಹೇಳಿದಳು.

ನನಗೆ ಮೈ ಉರಿದಿದ್ದು ಇದಕ್ಕಲ್ಲ. ಇವರ ಜೊತೆಗೇ ಕೆಲಸ ಕಳೆದುಕೊಂಡ ಒಬ್ಬರಿದ್ದಾರೆ, ಇವರದ್ದೇ ವಯಸ್ಸು. ಅವರ ಪೆನ್ಷನ್ ಫಂಡಿನಲ್ಲಿ ಸುಮಾರು 80,000 ಪೌಂಡ್ ಇದೆ, ಬ್ಯಾಂಕಲ್ಲಿ 4,000. ಅವರಿಗೆ ಉಳಿತಾಯದ ಲೆಕ್ಕದಲ್ಲಿ ಒಂದು ಪೌಂಡೂ ಕಡಿತ ಇಲ್ಲ. ಯಾಕಂದ್ರೆ ಸರ್ಕಾರಿ ಪೆನ್ಷನ್ (ಮುಪ್ಪಿನಲ್ಲಿ ಸರ್ಕಾರ ಕೊಡುವ ಪೆನ್ಷನ್) ವಯಸ್ಸು ಆಗುವವರೆಗೆ, ಮುಟ್ಟದೆ ಬಿಟ್ಟ ಪೆನ್ಷನ್ ಫಂಡನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಸಿಗಲೇಬೇಕು. ಮುಪ್ಪಿಗೆ ಇಟ್ಟ ದುಡ್ಡಿಗೆ ಯಾರೂ ಕೈ ಹಾಕಬಾರದು. ಆದರೆ ನಮ್ಮ 19,000 ಯಾತಕ್ಕೆ ಇಟ್ಟಿದ್ದು ಅಂದುಕೊಂಡಿದ್ದಾರೆ, ಕ್ರೂಸ್‌ಗೆ ಹೋಗೋದಕ್ಕಾ? ಕೆಲಸಗಾರರನ್ನು ತಾನಾಗಿಯೇ ಪೆನ್ಷನ್‌ಗೆ ಸೇರಿಸಬೇಕು ಅನ್ನುವ ಕಾನೂನು ಜಾರಿಗೆ ಬರಲು ಶುರುವಾಗಿದ್ದೇ 2012ರಲ್ಲಿ. ಅದಕ್ಕೂ ಮುಂಚೆ ಇವರು ದುಡಿದ ಚಿಕ್ಕಪುಟ್ಟ ಕಡೆಗಳಲ್ಲಿ ಪೆನ್ಷನ್ ಅನ್ನುವ ಮಾತೇ ಇರಲಿಲ್ಲ. ಆಮೇಲಿನದ್ದು ಅಷ್ಟಿಷ್ಟು ಇದೆ, ಹೇಳಿಕೊಳ್ಳುವಷ್ಟಲ್ಲ. ಹಾಗಾಗಿ ಬ್ಯಾಂಕಲ್ಲಿ ಇಟ್ಟೆವು. ಅದೇ ಉದ್ದೇಶ, ಅದೇ ಬೆವರು. ಚೀಟಿ ಮೇಲೆ ಪೆನ್ಷನ್ ಅಂತ ಬರೆದಿಲ್ಲ, ಅಷ್ಟೇ.

ಹಾಗಂತ ಆ ಮನುಷ್ಯರೂ ನಿರಾಳವಾಗಿಲ್ಲ. 55 ದಾಟಿದವರು ಫಂಡಿನಿಂದ ದುಡ್ಡು ತೆಗೆಯಬಹುದು (2028ರ ಏಪ್ರಿಲ್‌ನಿಂದ ಅದು 57 ಆಗುತ್ತದೆ). ಮನೆ ಸೋರುತ್ತಿದೆ, ಸ್ವಲ್ಪ ತೆಗೆಯೋಣ ಅಂದರೆ, ತೆಗೆದ ಇಡುಗಂಟು ಬ್ಯಾಂಕಿಗೆ ಬಂದು ಬಿದ್ದ ಕೂಡಲೇ ಉಳಿತಾಯ ಆಗಿಬಿಡುತ್ತದೆ. ತಿಂಗಳಿಗೆ ಇಷ್ಟು ಅಂತ ತೆಗೆದರೆ ಅದು ಆದಾಯ, ಪೌಂಡಿಗೆ ಪೌಂಡ್ ಕಡಿತ. ದುಡಿದು ತಂದರೆ ಪೌಂಡಿಗೆ 55 ಪೆನ್ಸ್ ಮಾತ್ರ ಕಡಿಯುತ್ತಾರೆ, ಪೆನ್ಷನ್ ತಂದರೆ ಪೂರ್ತಿ ನುಂಗುತ್ತಾರೆ.

ಸರಿ, 16,000ಕ್ಕಿಂತ ಕೆಳಗೆ ಇಳಿದೆವು ಅಂತಲೇ ಇಟ್ಟುಕೊಳ್ಳಿ. ಅಲ್ಲಿಗೆ ಮುಗಿಯಿತಾ? ಇಲ್ಲ. 6,000ದ ಮೇಲಿನ ಪ್ರತಿ 250 ಪೌಂಡಿಗೂ ನಿಮಗೆ ತಿಂಗಳಿಗೆ 4.35 ಪೌಂಡ್ ಆದಾಯ ಬರುತ್ತಿದೆ ಅಂತ ಅವರೇ ಊಹಿಸಿಕೊಂಡು ಕಡಿಯುತ್ತಾರೆ. 15,000 ಇದ್ದರೆ ತಿಂಗಳಿಗೆ 156.60 ಪೌಂಡ್ ಹೋಯಿತು. ನಾನು ಕೂತು ಲೆಕ್ಕ ಹಾಕಿದೆ, ವರ್ಷಕ್ಕೆ ಹತ್ತಿರ ಹತ್ತಿರ ನೂರಕ್ಕೆ 21ರ ಬಡ್ಡಿ! ಅಷ್ಟು ಬಡ್ಡಿ ಕೊಡುವ ಬ್ಯಾಂಕ್ ಯಾವುದಪ್ಪಾ, ಅಡ್ರೆಸ್ ಕೊಡಿ, ಈಗಲೇ ಹೋಗಿ ಖಾತೆ ತೆರೆಯುತ್ತೇನೆ.

ಇನ್ನೂ ಮಜಾ ಕೇಳಿ. ಇದೇ ದುಡ್ಡು ಇಟ್ಟುಕೊಂಡು ಪೆನ್ಷನ್ ವಯಸ್ಸು ದಾಟಿದರೆ ಆದಾಯ ಸಾಲದ ಹಿರಿಯರಿಗೆ ಪೆನ್ಷನ್ ಕ್ರೆಡಿಟ್ ಅಂತ ಬೇರೆ ಯೋಜನೆ. ಅಲ್ಲಿ ಮೊದಲ 10,000 ಪೌಂಡನ್ನು ಕೇಳುವುದೇ ಇಲ್ಲ. ಅದರ ಮೇಲಿನ ಪ್ರತಿ 500ಕ್ಕೆ ವಾರಕ್ಕೆ 1 ಪೌಂಡ್ ಆದಾಯ ಅಂತ ಹಿಡಿಯುತ್ತಾರೆ, ಅಂದರೆ ಊಹೆಯ ಬಡ್ಡಿ ಅರ್ಧಕ್ಕರ್ಧ ಇಳಿಯಿತು. ಮೇಲಿನ ಗೆರೆ ಅಂತೂ ಇಲ್ಲವೇ ಇಲ್ಲ. ನಿನ್ನೆ ರಾತ್ರಿ ಸಾಹುಕಾರ, ಇವತ್ತು ಬೆಳಿಗ್ಗೆ ಬಡವ. ಒಳ್ಳೆಯದೇ, ಹಾಗಾದರೂ ಆಗಲಿ ಅಂದುಕೊಂಡರೆ ನಮಗೆ ಅದೂ ಇಲ್ಲ. ಇವರಿಗೆ ಸರ್ಕಾರಿ ಪೆನ್ಷನ್ ಬರುವುದು 67ಕ್ಕೆ. ನನಗೆ ಈಗ 57. 2019ರ ಮೇ 15ರಿಂದ ಪೆನ್ಷನ್ ಕ್ರೆಡಿಟ್‌ಗೆ ಹೊಸದಾಗಿ ಅರ್ಜಿ ಹಾಕುವ ಜೋಡಿಯಲ್ಲಿ ಇಬ್ಬರಿಗೂ ಪೆನ್ಷನ್ ವಯಸ್ಸಾಗಿರಬೇಕು. ಅಂದರೆ ಇವರಿಗೆ 67 ಆದರೂ, ನನಗೂ 67 ಆಗುವವರೆಗೆ ನಾವು ಇದೇ 16,000ದ ಗೆರೆಯ ಹಿಡಿತದಲ್ಲಿ. ಅಷ್ಟರಲ್ಲಿ ಇವರಿಗೆ ಬರುವ ಸರ್ಕಾರಿ ಪೆನ್ಷನ್ ಕೂಡ ಆದಾಯ ಅಂತ ಪೂರ್ತಿ ಕಡಿತ. ಹೆಂಡತಿ ನಾಲ್ಕು ವರ್ಷ ಚಿಕ್ಕವಳಾಗಿದ್ದಕ್ಕೆ ದಂಡ!

ಊರಲ್ಲಿ ಸೈಟ್ ಇಟ್ಟುಕೊಂಡಿರುವವರು, ಎನ್‌ಆರ್‌ಒ ಖಾತೆಯಲ್ಲಿ (ಹೊರದೇಶದಲ್ಲಿರುವವರು ಭಾರತದ ಬ್ಯಾಂಕಲ್ಲಿ ಇಡುವ ಖಾತೆ) ಎಫ್‌ಡಿ ಇಟ್ಟವರು ನಗಬೇಡಿ. ಅದೂ ಲೆಕ್ಕಕ್ಕೆ ಬರುತ್ತದೆ. ಹೊರದೇಶದ ಆಸ್ತಿಯನ್ನೂ ಹೇಳಲೇಬೇಕು. ಆದರೆ ಮೈಮೇಲಿನ ಒಡವೆ ಸ್ವಂತದ ವಸ್ತು, ಅದು ಲೆಕ್ಕಕ್ಕಿಲ್ಲ. ನನ್ನ ಅತ್ತೆ ಮೊದಲಿಂದ ಬಳೆ ಮಾಡಿಸಿಕೋ, ಬಳೆ ಮಾಡಿಸಿಕೋ ಅಂತಿದ್ದರು. ಈಗ ಹೋಗಿ ಮಾಡಿಸಿಕೊಂಡರೆ, ನೆರವು ಪಡೆಯೋಕೆ ಬೇಕಂತಲೇ ದುಡ್ಡು ಕರಗಿಸಿದಿರಿ ಅಂತ ಹೇಳಿ, ಆ ದುಡ್ಡು ಇನ್ನೂ ನಿಮ್ಮ ಹತ್ತಿರವೇ ಇದೆ ಅಂತ ಲೆಕ್ಕ ಹಿಡಿಯಬಹುದು. ಮಗಳ ಕೈಗೆ ಕೊಟ್ಟರೂ ಅದೇ ಕಥೆ. ಸಾಲ ತೀರಿಸಬಹುದು, ನ್ಯಾಯವಾದ ಖರ್ಚು ಮಾಡಬಹುದು. ಯಾವುದು ನ್ಯಾಯ ಅನ್ನುವುದು ಅವರು ಹೇಳಿದ್ದು. ಅದಕ್ಕೇ ಈಗ ತೊಗರಿಬೇಳೆ ತಂದ ಬಿಲ್ಲನ್ನೂ ಹಳೇ ಬಿಸ್ಕತ್ ಡಬ್ಬದಲ್ಲಿ ತುಂಬಿಡುತ್ತಿದ್ದೇನೆ, ಯಾವತ್ತು ಯಾರು ಕೇಳುತ್ತಾರೋ.

19,000 ಇಟ್ಟುಕೊಂಡು ಅಳುತ್ತೀರಲ್ಲ ಅಂತ ಒಬ್ಬರು ನನ್ನನ್ನೇ ಕೇಳಿದರು. ಅಳ್ತೀನಿ ಸ್ವಾಮಿ. ನಮಗೆ ಸ್ವಂತ ಮನೆ ಇಲ್ಲ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ತೆರಿಗೆ), ಊಟ ಎಲ್ಲಾ ಸೇರಿ ನನ್ನ ಅರ್ಧ ಸಂಬಳ ಎಲ್ಲಿ ಸಾಲುತ್ತದೆ, ತಿಂಗಳು ತಿಂಗಳೂ ಅದೇ ಗಂಟಿನಿಂದ ತೆಗೆಯುತ್ತಿದ್ದೇವೆ. ಓಟಿ ದುಡ್ಡನ್ನೆಲ್ಲ ಬಂದ ಹಾಗೇ ಖರ್ಚು ಮಾಡಿದವರಿಗೆ ಮೊದಲ ದಿನದಿಂದಲೇ ನೆರವು. ನಾವು ಮಾತ್ರ ಮೊದಲು ಖಾಲಿ ಮಾಡಿ ತೋರಿಸಬೇಕು, ಆಮೇಲೆ ಬಾಗಿಲು ತಟ್ಟಬೇಕು. 67ಕ್ಕೆ ಹೋಗಿ ನಿಂತಾಗ ಆ ಗಂಟು ಇರುವುದಿಲ್ಲ. ಆಗ ಅದೇ ಸರ್ಕಾರ ಮುಪ್ಪಿಗೆ ಯಾಕೆ ಏನೂ ಉಳಿಸಿಲ್ಲ ಅಂತ ನಮ್ಮನ್ನೇ ಕೇಳುತ್ತದೆ, ನೋಡ್ತಾ ಇರಿ.