ಬೂದುಗುಂಬಳದ ಕಾಂತಿ

ಬಿಸಿಲಿಗೆ ಹಚ್ಚುವ ಕ್ರೀಮಿನ ಜಾಹೀರಾತಿನಲ್ಲಿ ಬಿಸಿಲನ್ನೇ ಕಾಣದ ಹುಡುಗಿ ಇರುತ್ತಾಳೆ. ಬಿಸಿಲಲ್ಲೇ ಬದುಕುವ ರಾಯಚೂರಿನವರು ಕೊಂಡು ಬಳಿದುಕೊಂಡರೆ ಮುಖ ಬೂದುಗುಂಬಳಕಾಯಿ. ತಪ್ಪು ಮುಖದ್ದಲ್ಲ. ಇಂಥ ಎಷ್ಟೋ ಕ್ರೀಮುಗಳಲ್ಲಿ ಬಿಸಿಲು ತಡೆಯುವ ಜಿಂಕ್ ಆಕ್ಸೈಡು, ಟೈಟಾನಿಯಂ ಡೈಆಕ್ಸೈಡು ಎರಡೂ ಬಿಳಿ ಪುಡಿಗಳು. ಗೋಡೆಯ ಪೇಂಟಿಗೆ ಬಿಳುಪು ಕೊಡುವುದೂ ಈ ಟೈಟಾನಿಯಮ್ಮೇ. ಸಾದುಗಪ್ಪಿನ ಮೇಲೆ ಸುಣ್ಣ ಕಾಣದೆ ಇನ್ನೇನು ಕಂಡೀತು? ಅಂಗಡಿಯವನು ಮಾತ್ರ ಅದನ್ನು ‘ಇನ್‌ಸ್ಟಂಟ್ ಗ್ಲೋ’ ಎನ್ನುತ್ತಾನೆ.

ಬಿಳಿ ಕಾಣಬಾರದೆಂದು ನಾವು ಕಡಲೆಕಾಳಿನಷ್ಟು ತೆಗೆದು ಹಣೆಯಿಂದ ಗದ್ದದವರೆಗೂ ಎಳೆಯುತ್ತೇವೆ. ಟ್ಯೂಬಿನ ಮೇಲಿನ ಎಸ್‌ಪಿಎಫ್ 50 (ಬಿಸಿಲಿಗೆ ಚರ್ಮ ಸುಡದಂತೆ ಕಾಯುವ ಅಳತೆ) ಸಿಗುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಅಂದರೆ ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದದ ಗೆರೆ, ಒಂದು ಗ್ರಾಂಗಿಂತ ತುಸು ಹೆಚ್ಚು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ದಿನಕ್ಕೆ ಎರಡೇ ಸಲ ಎಂದುಕೊಂಡರೂ 50 ಗ್ರಾಂ ಟ್ಯೂಬು ಮೂರು ವಾರಕ್ಕೆ ಖಾಲಿ. ನಮ್ಮ ಮನೆಗಳಲ್ಲಿ ಅದು ಯುಗಾದಿಯಿಂದ ಯುಗಾದಿಗೆ ಬರುತ್ತದೆ, ಕೊನೆಗೆ ಕತ್ತರಿಯಲ್ಲಿ ಸೀಳಿ ಬಳಿದದ್ದೂ ಸೇರಿ.

‘ಕಪ್ಪಗಿರೋರಿಗೆ ಇದೆಲ್ಲ ಯಾಕ್ರೀ, ದೇವರೇ ಹಚ್ಚಿ ಕಳಿಸಿದಾನೆ’ ಎನ್ನುವ ಪಂಡಿತರೂ ಇದ್ದಾರೆ. ದೇವರು ಹಚ್ಚಿದ್ದು ಕಡುಗಪ್ಪು ಚರ್ಮಕ್ಕೂ ಸುಮಾರು ಎಸ್‌ಪಿಎಫ್ 13ರಷ್ಟು. ಸುಟ್ಟು ಕೆಂಪಾಗುವುದು ಕಮ್ಮಿ, ಚರ್ಮದ ಕ್ಯಾನ್ಸರೂ ಕಮ್ಮಿ, ನಿಜ. ನಮ್ಮ ಪಾಡು ಬೇರೆ: ಕೆನ್ನೆಯ ಬಂಗು, ಮೊಡವೆ ಹೋದಮೇಲೂ ಹೋಗದ ಕಲೆ. ಅವನ್ನು ಕಪ್ಪಾಗಿಸುವ ಯುವಿಎ, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಕಿರಣದ ಒಂದು ಬಗೆ, ಕಿಟಕಿಗಾಜನ್ನೂ ದಾಟಿ ಬರುತ್ತದೆ. ಎಸ್‌ಪಿಎಫ್ ಮುಖ್ಯವಾಗಿ ಅಳೆಯುವುದು ಚರ್ಮ ಸುಡುವ ಇನ್ನೊಂದು ಬಗೆ, ಯುವಿಬಿಯ ತಡೆಯನ್ನು. ಹಾಗಾಗಿ ಟ್ಯೂಬಿನ ಮೇಲೆ ಯುವಿಎ ತಡೆಯನ್ನು ಹೇಳುವ ‘ಪಿಎ’ ಪಕ್ಕದ ಪ್ಲಸ್ಸುಗಳನ್ನು ಎಣಿಸಬೇಕು, ನಾಲ್ಕಿದ್ದರೆ ಒಳ್ಳೆಯದು. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಆಗಿಬರದು. ಅದನ್ನು ತಡೆಯುವುದು ಐರನ್ ಆಕ್ಸೈಡು, ಕೆಮ್ಮಣ್ಣಿಗೆ ಕೆಂಪು ಕೊಡುತ್ತದಲ್ಲ, ಅದೇ. ಬಣ್ಣ ಬೆರೆಸಿದ ‘ಟಿಂಟೆಡ್’ ಕ್ರೀಮಿನಲ್ಲಿ ಅದಿರುತ್ತದೆ. ಕೊಳ್ಳಹೋದರೆ ಸಿಗುವ ಬಣ್ಣ ಒಂದೇ, ‘ನ್ಯಾಚುರಲ್’. ಯಾರ ನೇಚರೋ! ನಮ್ಮ ಕೆನ್ನೆಯ ಮೇಲೆ ಅದು ಗೋಧಿಹಿಟ್ಟು.

1975ರಲ್ಲಿ ಫೇರ್ ಅಂಡ್ ಲವ್ಲಿಯಾಗಿ ಬಂದ ಟ್ಯೂಬು 2020ರಲ್ಲಿ ಗ್ಲೋ ಅಂಡ್ ಲವ್ಲಿಯಾಯಿತು. 45 ವರ್ಷ ನಮ್ಮ ಕಪ್ಪನ್ನು ಉಜ್ಜಿ ಉಜ್ಜಿ ಕೊನೆಗೆ ಅಳಿಸಿದ್ದು ಹೆಸರಿನ ಒಂದು ಪದ.

ಖರ್ಚು ಬೇಡವೆಂದರೆ ಕೊಡೆಯಿದೆ. ಬಿಸಿಲಲ್ಲಿ ಕೊಡೆ ಹಿಡಿದ ಗಂಡಸನ್ನು ‘ಏನ್ರೀ, ಮಳೆ ಬರ್ತಿದೆಯಾ?’ ಎಂದು ಕೇಳುವವರು ಮುಗಿಯಲಿ ಮೊದಲು. ಒಂದೇ ನೇಯ್ಗೆಯ ಬಟ್ಟೆಯಾದರೆ ತಿಳಿಬಣ್ಣಕ್ಕಿಂತ ಕಡುಬಣ್ಣವೇ ಯುವಿಯನ್ನು ಹೆಚ್ಚು ತಡೆಯುತ್ತದೆ. ಕೊಡೆ ಕೊಳ್ಳುವಾಗ ಮಾತ್ರ ಎಲ್ಲರೂ ಕಪ್ಪನ್ನೇ ಕೇಳಿ ಪಡೆಯುತ್ತಾರೆ.