ಪೊರಕೆಗೆ ಬಗ್ಗದ ಧೂಳು

ಧೂಳು ಕಂಡರೆ ಝಾಡಿಸಬೇಕು ಅನ್ನಿಸುವುದು ನಮ್ಮ ರಕ್ತದಲ್ಲೇ ಬಂದ ಚಟ. ಚಂದ್ರನ ಮೇಲೆ ಈ ಚಟವೇ ಮುಳುವು.

ಅಲ್ಲಿ ಗಾಳಿಯಿಲ್ಲ, ತೇವವಿಲ್ಲ. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆಗೆ ಹತ್ತಿದ ವಿದ್ಯುದಾವೇಶ ನಮ್ಮ ಮಳೆಗಾಲದಲ್ಲಿ ನೋಡನೋಡುತ್ತ ಸೋರಿಹೋಗುತ್ತದೆ. ಅಲ್ಲಿ ಸೋರಲು ದಾರಿಯೇ ಇಲ್ಲ. ಕಣಗಳೋ ಸಿಲಿಕೇಟು, ಗಾಜಿನ ಚೂರು, ವಿದ್ಯುತ್ತನ್ನು ಸುಲಭಕ್ಕೆ ಹರಿಯಗೊಡದ ಜಾತಿ. ಹಗಲಲ್ಲಿ ಸೂರ್ಯನ ನೇರಳಾತೀತ ಕಿರಣ ಅವುಗಳ ಎಲೆಕ್ಟ್ರಾನ್ ಕಿತ್ತು ಧನಾವೇಶ ಉಳಿಸುತ್ತದೆ. ರಾತ್ರಿ ಸುತ್ತಲಿನ ಪ್ಲಾಸ್ಮಾದ, ಅಂದರೆ ಆವೇಶವುಳ್ಳ ಬಿಡಿ ಕಣಗಳ ಅನಿಲದ, ಎಲೆಕ್ಟ್ರಾನ್‌ಗಳು ಬಂದು ಕೂತು ಋಣಾವೇಶ ತರುತ್ತವೆ. ಆ ಪ್ಲಾಸ್ಮಾ ಬಲು ತೆಳು. ಚಂದ್ರಯಾನ-3ರ ರಂಭಾ ಉಪಕರಣ 2023ರಲ್ಲಿ ಹಗಲು ಹೊತ್ತು ಅಳೆದಾಗ ಮೊದಲ ಅಂದಾಜಿಗೆ ಸಿಕ್ಕಿದ್ದು ಘನ ಮೀಟರಿಗೆ ಬರೀ 50 ಲಕ್ಷದಿಂದ 3 ಕೋಟಿ ಎಲೆಕ್ಟ್ರಾನ್. ಹೀಗೆ ಆವೇಶ ಹೊತ್ತ ಧೂಳನ್ನು ಬ್ರಷ್ ಹಿಡಿದು ತಿಕ್ಕಿದರೆ ತಿಕ್ಕಾಟವೇ ಇನ್ನಷ್ಟು ಆವೇಶ ಹುಟ್ಟಿಸುತ್ತದೆ. ಹಾಗಂತ ಎಲ್ಲ ತಪ್ಪನ್ನೂ ವಿದ್ಯುತ್ತಿನ ತಲೆಗೆ ಕಟ್ಟುವಂತಿಲ್ಲ. ಸವೆಸಲು ನೀರು-ಗಾಳಿ ಇಲ್ಲದ ಕಾರಣ ಕಣದ ಅಂಚೆಲ್ಲ ಚೂಪು. ಬಟ್ಟೆಯ ನೂಲಿಗೆ ಕೊಕ್ಕೆ ಹಾಕಿ ಕೂರುತ್ತವೆ.

1972ರ ಡಿಸೆಂಬರಿನಲ್ಲಿ ಅಪೊಲೊ 17ರಲ್ಲಿ ಚಂದ್ರನಿಗೆ ಹೋಗಿದ್ದ ಯೂಜೀನ್ ಸರ್ನನ್ನರ ಸುತ್ತಿಗೆ ತಗುಲಿ ಅವರ ಓಡಾಟದ ಗಾಡಿ ರೋವರಿನ ಹಿಂಬದಿಯ ಮಡ್‌ಗಾರ್ಡ್ ಮುರಿಯಿತು. ಚಕ್ರ ಎರಚಿದ ಧೂಳು ಸವಾರರ ಮೇಲೇ ಸುರಿಯತೊಡಗಿತು. ಮೊದಲು ಟೇಪ್ ಸುತ್ತಿ ನೋಡಿದರು, ನಿಲ್ಲಲಿಲ್ಲ. ಟೇಪ್ ಅಂಟಬೇಕಾದ ಜಾಗಕ್ಕೆ ಧೂಳು ಮೊದಲೇ ಅಂಟಿತ್ತು! ಮರುದಿನ ನಾಲ್ಕು ನಕ್ಷೆಗಳನ್ನು ಟೇಪಿನಿಂದ ಜೋಡಿಸಿ, ಕ್ಲಾಂಪ್ ಹಾಕಿ ಬಿಗಿದಾಗ ಕೆಲಸ ನಡೆಯಿತು. ಜೊತೆಗಾರ ಹ್ಯಾರಿಸನ್ ಶ್ಮಿಟ್ಟರ ಶಿರಸ್ತ್ರಾಣದ ಬಿಸಿಲುಪರದೆ ಮಾತ್ರ ಗೀರು ಬಿದ್ದು ಕೆಲವು ದಿಕ್ಕಿಗೆ ಏನೂ ಕಾಣದಂತಾಗಿತ್ತು.

ಹಾಗಾಗಿ ಈಗಿನ ಉಪಾಯದಲ್ಲಿ ತಿಕ್ಕುವ ಮಾತೇ ಇಲ್ಲ. ಗಾಜಿನ ಮೇಲೆ ಕೂದಲೆಳೆಯಂಥ ಎಲೆಕ್ಟ್ರೋಡುಗಳನ್ನು ಸಾಲಾಗಿ ಕೂರಿಸಿ ಅವಾಹಕ ಲೇಪ ಕೊಡುತ್ತಾರೆ. ಪಕ್ಕಪಕ್ಕದ ಎಳೆಗಳಿಗೆ ಸಾವಿರ ವೋಲ್ಟಿನ ಆಸುಪಾಸಿನ ಏರಿಳಿಯುವ ವಿದ್ಯುತ್ತನ್ನು ಒಂದರ ಹಿಂದೊಂದು ಹರಿಸಿದರೆ ವಿದ್ಯುತ್ ಕ್ಷೇತ್ರ ಅಲೆಯಂತೆ ಸರಿದು ಕಣಗಳನ್ನು ಅಂಚಿನವರೆಗೆ ಹಾರಿಸುತ್ತ ಹೋಗುತ್ತದೆ. ಕರೆಂಟು ಅತ್ಯಲ್ಪ, ಬ್ಯಾಟರಿಗೆ ಭಾರವಿಲ್ಲ. 2025ರಲ್ಲಿ ಬ್ಲೂ ಗೋಸ್ಟ್ ನೌಕೆಯಲ್ಲಿ ಹೋಗಿದ್ದ ನಾಸಾದ ಇಂಥ ಫಲಕ ಚಂದ್ರನ ಮೇಲೇ ಕೆಲಸ ಮಾಡಿ ತೋರಿಸಿತು.

ಮಂಗಳದಲ್ಲಿ ಇದೇ ಉಪಾಯಕ್ಕೆ ಹೆಚ್ಚು ಕಡಿವಾಣ ಬೇಕು. ಅಲ್ಲಿನ ತೆಳು ಇಂಗಾಲದ ಡೈಆಕ್ಸೈಡಿನಲ್ಲಿ ಕೆಲವೇ ನೂರು ವೋಲ್ಟಿಗೂ ಕಿಡಿ ಹಾರಬಹುದು. ಇನ್‌ಸೈಟ್ ನೌಕೆಯ ಸೌರಫಲಕಕ್ಕೆ ಧೂಳು ಮೆತ್ತಿದಾಗ ಮೋಟಾರಿನಿಂದ ಅಲುಗಿಸಿ ನೋಡಿದರು, ಜಪ್ಪಯ್ಯ ಅಂದರೂ ಕದಲಲಿಲ್ಲ. 2021ರ ಮೇ ತಿಂಗಳಲ್ಲಿ, ಗಾಳಿ ಜೋರಿರುವ ನಡುಹಗಲು ನೋಡಿ, ಯಂತ್ರದ ತೋಳಿನಿಂದ ಫಲಕದ ಪಕ್ಕದಲ್ಲಿ ಮರಳು ಸುರಿದರು. ದಪ್ಪ ಮರಳಕಣಗಳು ಗಾಳಿಗೆ ಪುಟಿಯುತ್ತ ಫಲಕ ದಾಟುವಾಗ ನುಣ್ಣನೆಯ ಧೂಳನ್ನೂ ಎಬ್ಬಿಸಿಕೊಂಡು ಹೋದವು. ಕಸದಿಂದ ಕಸ ತೆಗೆದ ಈ ಜಾಣತನಕ್ಕೆ ಸಿಕ್ಕ ಕೂಲಿ, ಮಂಗಳದ ಒಂದು ದಿನಕ್ಕೆ ಸುಮಾರು 30 ವಾಟ್-ಅವರ್ ಹೆಚ್ಚುವರಿ ವಿದ್ಯುತ್ತು.